ಶೆಟ್ಲೆಂಡ್ ಹಬ್ಬದ ಫಿಡಲ್‌ನವರು: ಸ್ಟೇಜ್ ಇಳಿದ ಮೇಲೇ ನಿಜವಾದ ಕಛೇರಿ

ಶೆಟ್ಲೆಂಡ್ ಅಂದ್ರೆ ಸ್ಕಾಟ್ಲೆಂಡಿನ ಉತ್ತರಕ್ಕಿರೋ ದ್ವೀಪಗಳು, ಅಲ್ಲಿಯ ಜಾನಪದ ಸಂಗೀತದ ಹಬ್ಬ ಶೆಟ್ಲೆಂಡ್ ಫೋಕ್ ಫೆಸ್ಟಿವಲ್. ಅದು ಶುರುವಾಗೋದು ಶೆಟ್ಲೆಂಡ್‌ನಲ್ಲಲ್ಲ, ಸ್ಕಾಟ್ಲೆಂಡಿನ ಅಬರ್ಡೀನ್ ಬಂದರಿನಿಂದ ಸಂಜೆ ಹೊರಡೋ ಹಡಗಲ್ಲಿ. ಶೆಟ್ಲೆಂಡಿನ ಮುಖ್ಯ ಊರು ಲೆರ್ವಿಕ್ ತಲುಪೋಕೆ ಸುಮಾರು 12 ಗಂಟೆ ಮೇಲೇ ಬೇಕು, ರಾತ್ರಿಯೆಲ್ಲಾ ಸಮುದ್ರದ ಮೇಲೆ. ಹಬ್ಬದಲ್ಲಿ ನುಡಿಸೋಕೆ ಹೊರಟ ಬ್ಯಾಂಡ್‌ನವರು, ಕೇಳೋಕೆ ಹೊರಟ ನಮ್ಮಂಥೋರು, ಸಾಮಾನು ತಗೊಂಡು ಊರಿಗೆ ವಾಪಸ್ ಹೋಗ್ತಿರೋ ದ್ವೀಪದ ಜನ, ಎಲ್ರೂ ಒಂದೇ ಹಡಗು. ಬಂದರು ದಾಟಿ ಹಡಗು ಓಲಾಡೋಕೆ ಶುರುವಾಗೋ ಹೊತ್ತಿಗೆ ಬಾರಿನ ಒಂದು ಮೂಲೇಲಿ ಯಾರೋ ಫಿಡಲ್ ಹೊರಗೆ ತೆಗೀತಾರೆ, ಪಕ್ಕದ ಟೇಬಲ್‌ನಿಂದ ಒಂದು ಅಕಾರ್ಡಿಯನ್ ಬರತ್ತೆ, ಗಿಟಾರ್ ಬರತ್ತೆ, ಕುರ್ಚಿಗಳು ತಾವೇ ದುಂಡಗೆ ಜರುಗ್ತವೆ, ಆಮೇಲೆ ಮಲಗೋ ಮಾತೇ ಇಲ್ಲ.

ನಮ್ಮನೆಯವರ ಕೆಲಸ ಅಬರ್ಡೀನ್‌ನಲ್ಲಿ, ಸಮುದ್ರದ ಎಣ್ಣೆ ಬಾವಿಗಳ ಲೈನು. ನಾನು ಚಿಕ್ಕವಳಿದ್ದಾಗ ಮೈಸೂರಲ್ಲಿ ಪಿಟೀಲು ಕಲಿತಿದ್ದೆ, ಹಾಗಾಗಿ ಇಲ್ಲಿಗೆ ಬಂದ ಮೇಲೆ ಫಿಡಲ್ ಸದ್ದು ಕೇಳಿದ ಕಡೆ ಕಾಲು ನಿಂತುಬಿಡತ್ತೆ. ವಾದ್ಯ ಒಂದೇ, ಮರ ತಂತಿ ಕಮಾನು ಎಲ್ಲಾ ಅದೇ, ಆದ್ರೆ ನಾವು ಚಕ್ಕಳಮಕ್ಕಳ ಹಾಕ್ಕೊಂಡು ಕೂತು ಅದರ ತಲೇನ ಕಾಲಿನ ಹರಡಿಗೆ ಆನಿಸಿಕೊಂಡು ಎಡಗೈನ ಗಮಕಕ್ಕೆ ಬಿಟ್ಟುಬಿಡ್ತೀವಿ, ಇವರದು ಗದ್ದದ ಕೆಳಗೆ, ಮತ್ತೆ ಜೀವ ಎಲ್ಲಾ ಬಲಗೈಯಲ್ಲಿ. ನಾನು ಹತ್ತಿರ ಕೂತು ನೋಡಿದ್ದು ಅದನ್ನೇ. ಕಮಾನಿನ ಮಧ್ಯದ ಒಂದು ಗೇಣು ಜಾಗ ಇದ್ಯಲ್ಲ, ಅಷ್ಟರಲ್ಲೇ ಇಡೀ ರೀಲ್, ಅಂದ್ರೆ ವೇಗದ ಕುಣಿತದ ಟ್ಯೂನ್, ಮುಗಿಸ್ತಾರೆ, ಮಣಿಕಟ್ಟು ಮಾತ್ರ ಆಡತ್ತೆ, ತಂತಿಗಳನ್ನ ಹೊತ್ತಿರೋ ಕುದುರೆ ಹತ್ತಿರ ರಾಳದ ಬಿಳಿ ಪುಡಿ ಉದುರಿ ಕೂತಿರತ್ತೆ, ಒರೆಸೋಕೂ ಪುರುಸೊತ್ತಿಲ್ಲ, ಕೆಳಗೆ ಹಲಗೆ ನೆಲದ ಮೇಲೆ ಶೂ ಹಿಮ್ಮಡಿ ಟಕ್ ಟಕ್ ಅಂತ ತಾಳ ಹಾಕ್ತಾನೇ ಇರತ್ತೆ.

ಶೆಟ್ಲೆಂಡ್ ಫಿಡಲ್ ಸದ್ದು ಮಿಕ್ಕ ಸ್ಕಾಟ್ಲೆಂಡಿಗಿಂತ ಬೇರೆ. ರಾಗ ನುಡಿಸೋ ತಂತಿ ಜೊತೆ ಪಕ್ಕದ ಖಾಲಿ ತಂತೀನೂ ಕಮಾನಿಗೆ ತಾಗಿಸ್ತಾ ಹೋಗ್ತಾರೆ, ಅದು ಹಿಂದೆ ಗುಂಯ್ ಅಂತಿರತ್ತೆ, ಒಬ್ಬರೇ ನುಡಿಸಿದ್ರೂ ಇಬ್ಬರು ಇದಾರೇನೋ ಅನ್ಸತ್ತೆ. ಇದು ನಾರ್ವೆ ಕಡೆಯ ನಂಟು. ಈ ದ್ವೀಪಗಳು 1469ರ ತನಕ ಸ್ಕಾಟ್ಲೆಂಡಿನವೇ ಅಲ್ಲ, ಡೆನ್ಮಾರ್ಕ್-ನಾರ್ವೆ ರಾಜ ತನ್ನ ಮಗಳನ್ನ ಸ್ಕಾಟ್ಲೆಂಡ್ ರಾಜನಿಗೆ ಕೊಟ್ಟಾಗ ವರದಕ್ಷಿಣೆ ದುಡ್ಡಿಗೆ ಅಡ ಇಟ್ಟಿದ್ದು ಹಾಗೇ ಇಲ್ಲೇ ಉಳ್ಕೊಂಡಿದ್ದು. ಆಮೇಲೆ ತಿಮಿಂಗಿಲ ಹಿಡಿಯೋಕೆ ಗ್ರೀನ್‌ಲ್ಯಾಂಡ್ ಕಡೆ ಹೋಗ್ತಿದ್ದ ಹಡಗುಗಳಲ್ಲೂ ಫಿಡಲ್ ಇರ್ತಿತ್ತಂತೆ, ಹೀಗೆ ಹೊರಗಿನ ಟ್ಯೂನ್‌ಗಳೂ ಬಂದು ಸೇರಿವೆ. ಇನ್ನು ಕೆಲವು ಟ್ಯೂನ್ ಮನುಷ್ಯರವೇ ಅಲ್ಲ ಅಂತ ಹಳಬರ ನಂಬಿಕೆ! ಟ್ರೌ ಅಂತ ಗುಡ್ಡದೊಳಗೆ ಇರೋ ಕುಳ್ಳ ಜನ, ಅವರ ಹಾಡು ಕದ್ದು ಕೇಳಿ ಕಲಿತಿದ್ದು ಅಂತ. ಆ ಟ್ಯೂನ್ ನುಡಿಸೋ ಮುಂಚೆ ಸ್ಟೇಜ್ ಮೇಲೆ ಕಥೇನೂ ಹೇಳ್ತಾರೆ, ಯಾವ ಗುಡ್ಡ, ಯಾರ ಮನೆಯೋರು ಕೇಳಿಸ್ಕೊಂಡಿದ್ದು ಅಂತೆಲ್ಲ, ಕೇಳ್ತಾ ಕೂತೋರಲ್ಲಿ ಆ ಮನೆಯೋರೂ ಇರ್ತಾರೆ.

ಹಬ್ಬ ನಡೆಯೋದು ಏಪ್ರಿಲ್ ಕೊನೆ, ಮೇ ಶುರುವಿನ ಹೊತ್ತಿಗೆ, 1981ರಿಂದ ಬಂದಿರೋ ಪದ್ಧತಿ. ನಡೆಸೋದು ವಾಲಂಟಿಯರ್‌ಗಳು. ನನಗೆ ತುಂಬಾ ಹಿಡಿಸಿದ್ದು ಅಂದ್ರೆ ಹೊರಗಿಂದ ಬರೋ ಕಲಾವಿದರನ್ನ ಹೋಟೆಲಲ್ಲಿ ಇಡಲ್ಲ, ಊರಿನೋರ ಮನೆಗಳಲ್ಲಿ ಉಳಿಸ್ತಾರೆ. ಅಮೆರಿಕದಿಂದಲೋ ಸ್ವೀಡನ್ನಿಂದಲೋ ಬಂದ ದೊಡ್ಡ ವಾದಕ ಬೆಳಿಗ್ಗೆ ಯಾರದೋ ಅಡುಗೆಮನೇಲಿ ಟೋಸ್ಟ್ ತಿಂತಾ ಕೂತಿರ್ತಾನೆ, ಆ ಮನೆ ಮಗು ಸ್ಕೂಲಿಗೆ ಹೋಗೋ ಮುಂಚೆ ತನ್ನ ಫಿಡಲ್ ತಂದು ತೋರಿಸತ್ತೆ. ಕಛೇರಿಗಳೂ ಅಷ್ಟೇ, ಲೆರ್ವಿಕ್‌ಗೇ ಮೀಸಲಲ್ಲ. ಬ್ಯಾಂಡ್‌ಗಳನ್ನ ಹಳ್ಳಿ ಹಾಲ್‌ಗಳಿಗೆ, ಹೊರ ದ್ವೀಪಗಳಿಗೆ ಕಳಿಸ್ತಾರೆ. ಉತ್ತರದ ತುತ್ತತುದಿಯ ಅನ್‌ಸ್ಟ್ ದ್ವೀಪಕ್ಕೆ ಹೋಗ್ಬೇಕಂದ್ರೆ ಎರಡು ಫೆರಿ ಬದಲಾಯಿಸ್ಬೇಕು, ಆದ್ರೂ ಹೋಗ್ತಾರೆ.

ನಾವು ಹೋಗಿದ್ದ ಒಂದು ಹಳ್ಳಿ ಹಾಲ್ ಬಗ್ಗೆ ಹೇಳ್ಲೇಬೇಕು. ಹೊರಗೆ ಗಾಳಿ ಕಾರಿನ ಬಾಗಿಲು ಕಿತ್ಕೊಂಡು ಹೋಗೋ ಹಾಗಿತ್ತು, ಎಂಟೂವರೆ ಆದ್ರೂ ಬೆಳಕು ಹೋಗಿಲ್ಲ. ಒಳಗೆ ಮಡಚೋ ಕುರ್ಚಿಗಳು, ಪಕ್ಕದ ಅಡುಗೆಕೋಣೆಯಿಂದ ರೀಸ್ಟಿಟ್ ಮಟನ್ ಸೂಪಿನ ವಾಸನೆ, ಅಂದ್ರೆ ಉಪ್ಪು ನೀರಲ್ಲಿ ನೆನೆಸಿ ತೂಗುಹಾಕಿ ಒಣಗಿಸಿದ ಕುರಿ ಮಾಂಸ, ಅದಕ್ಕೆ ಬ್ಯಾನಕ್ ರೊಟ್ಟಿ. ನಾನು ಸಸ್ಯಾಹಾರಿ ಅಂದಿದ್ದಕ್ಕೆ ಒಬ್ಬ ಅಜ್ಜಿ ತಟ್ಟೆ ತುಂಬಾ ಕೇಕ್ ತಂದು ಕೊಟ್ರು, ಖಾಲಿಯಾದಾಗೆಲ್ಲ ಮತ್ತೆ ಬಂದು ತುಂಬಿಸಿದ್ರು. ಮೊದಲು ನುಡಿಸಿದ್ದು ಅದೇ ಊರಿನ ಮಕ್ಕಳು, ಅದರಲ್ಲಿ ಒಬ್ಬಳಿಗೆ ಹನ್ನೊಂದೋ ಹನ್ನೆರಡೋ ಇರಬಹುದು, ಜಡೆ ಎರಡು, ಸ್ಟೇಜ್ ಮೇಲೆ ನಿಂತು ಯಾರ ಮುಖಾನೂ ನೋಡದೆ ಒಂದು ಸ್ಲೋ ಏರ್, ಅಂದ್ರೆ ನಿಧಾನದ ಟ್ಯೂನ್, ನುಡಿಸಿದಳು, ಕಮಾನು ಎಷ್ಟು ನಿಧಾನ ಎಳೆದಳು ಅಂದ್ರೆ ಹಾಲ್‌ನಲ್ಲಿ ಕಪ್ಪು ಬಸಿ ಸದ್ದೂ ನಿಂತುಹೋಯ್ತು. ಅವಳಾದ ಮೇಲೆ ನುಡಿಸಬೇಕಿದ್ದ ಹೊರಗಿನ ಬ್ಯಾಂಡ್‌ನವರು ಗೋಡೆಗೆ ಒರಗಿ ನಿಂತು ಕೇಳ್ತಿದ್ರು, ಮುಗಿದ ಮೇಲೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದೂ ಅವರೇ.

ಸುಮಾರು 23,000 ಜನ ಇರೋ ಜಾಗದಲ್ಲಿ ಇಷ್ಟೊಂದು ಮಕ್ಕಳು ಹೀಗೆ ನುಡಿಸ್ತಾರೆ ಅಂದ್ರೆ ಅದರ ಹಿಂದೆ ಒಬ್ಬರ ದುಡಿಮೆ ದೊಡ್ಡದಿದೆ. ಟಾಮ್ ಆಂಡರ್ಸನ್ ಅಂತ, 1910ರಲ್ಲಿ ಹುಟ್ಟಿದೋರು, ಇನ್ಶೂರೆನ್ಸ್ ಏಜೆಂಟ್ ಆಗಿ ದ್ವೀಪದ ಮನೆಮನೆ ಸುತ್ತೋರು, ಸುತ್ತುತ್ತಾ ಹಳಬರ ಹತ್ತಿರ ಟ್ಯೂನ್‌ಗಳನ್ನೂ ಸಂಗ್ರಹಿಸಿದ್ರು. ಇಲ್ಲಾಂದ್ರೆ ಆ ಹಳಬರ ಜೊತೇಲೇ ಎಷ್ಟೋ ಹೋಗ್ಬಿಡ್ತಿತ್ತು. 1970ರ ದಶಕದಲ್ಲಿ ಶಾಲೆಗಳಲ್ಲಿ ಫಿಡಲ್ ಹೇಳಿಕೊಡೋಕೆ ನಿಂತ್ರು. ಸರಿಯಾಗಿ ಅದೇ ಹೊತ್ತಿಗೆ ಉತ್ತರ ಸಮುದ್ರದಲ್ಲಿ ಎಣ್ಣೆ ಸಿಕ್ಕಿ ಶೆಟ್ಲೆಂಡಿಗೆ ಹೊರಗಿನ ಜನ, ದುಡ್ಡು ಎಲ್ಲಾ ಒಟ್ಟಿಗೆ ನುಗ್ಗಿದ್ದು, ನಮ್ಮದೇನು ಉಳಿಯತ್ತೋ ಅನ್ನೋ ಆತಂಕ ಇದ್ದ ಕಾಲ. ಎಣ್ಣೆ ದುಡ್ಡಲ್ಲೇ ಬದುಕ್ತಿರೋ ಮನೆಯವಳು ನಾನು, ಈ ಕಥೆ ಕೇಳಿದಾಗ ಆಂಡರ್ಸನ್ ಅವರ ಬಗ್ಗೆ ಗೌರವ ಇನ್ನೂ ಜಾಸ್ತಿ ಆಯ್ತು. ಇವತ್ತು ಜಗತ್ತೆಲ್ಲಾ ಗೊತ್ತಿರೋ ಫಿಡಲ್ ವಾದಕ ಆಲಿ ಬೇನ್ ಕಲಿತಿದ್ದೂ ಆಂಡರ್ಸನ್ ಹತ್ತಿರವೇ. ಶಾಲೇಲಿ ಕಲಿಸಿದ್ರೆ ಸಂಗೀತ ಉಳಿಯತ್ತೆ, ಅದಕ್ಕಿಂತ ಗಟ್ಟಿ ದಾರಿ ನನಗೆ ಬೇರೆ ಕಾಣಲ್ಲ. 2021ರಿಂದ ಸ್ಕಾಟ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ವಾದ್ಯ ಕಲಿಯೋಕೆ ಇದ್ದ ಫೀಸನ್ನೂ ತೆಗೆದಿದಾರೆ.

ಟಿಕೆಟ್ ಕಛೇರಿಗಳು ಮುಗಿದ ಮೇಲೆ ಎಲ್ರೂ ಸೇರೋದು ಲೆರ್ವಿಕ್‌ನಲ್ಲಿ, ಫೆಸ್ಟಿವಲ್ ಕ್ಲಬ್ಬು, ಲೌಂಜ್ ಬಾರ್, ಎಲ್ಲಿ ಜಾಗ ಸಿಕ್ಕಿದ್ರೆ ಅಲ್ಲಿ. ಸೆಷನ್ ಅಂತಾರೆ ಅದನ್ನ. ನಮ್ಮೂರ ಭಜನೆ ಥರಾನೇ, ಒಬ್ರು ಎತ್ತಿಕೊಡ್ತಾರೆ ಮಿಕ್ಕೋರು ಹಿಡ್ಕೊಳ್ತಾರೆ. ವಾದಕರು ಒಬ್ಬರಿಗೊಬ್ಬರು ಮುಖ ಮಾಡಿ ಕೂರ್ತಾರೆ, ನಮ್ಮ ಕಡೆಗೆ ಬೆನ್ನು. ಒಂದು ಟ್ಯೂನ್‌ನ ಎರಡು ಮೂರು ಸಲ ನುಡಿಸಿ ನಿಲ್ಲಿಸದೇ ಇನ್ನೊಂದಕ್ಕೆ ಹಾರ್ತಾರೆ, ಹಾರೋ ಮುಂಚೆ ಶುರು ಮಾಡಿದೋರು ಹುಬ್ಬು ಎತ್ತುತ್ತಾರೆ ಇಲ್ಲಾ ಹಪ್ ಅಂತ ಕೂಗ್ತಾರೆ, ಅಷ್ಟೇ ಸೂಚನೆ, ಹಾಳೆ ಇಲ್ಲ, ಎಲ್ಲಾ ಕಿವಿಯಿಂದಲೇ. ಜಿಗ್ ಅನ್ನೋ ಕುಣಿತದ ಟ್ಯೂನ್ ಬಂದ್ರೆ ನಮ್ಮ ತಿಶ್ರ ನಡೆ, ತಕಿಟ ತಕಿಟ ಅಂತ ನನ್ನ ಬೆರಳು ತಾನೇ ಮಡಚತ್ತೆ. ಗೊತ್ತಿಲ್ಲದ ಟ್ಯೂನ್ ಬಂದ್ರೆ ದೊಡ್ಡ ದೊಡ್ಡೋರೂ ಕಮಾನು ಮಡಿಲಲ್ಲಿಟ್ಟು ಸುಮ್ನೆ ಕೇಳ್ತಾರೆ, ಎರಡನೇ ಸುತ್ತಲ್ಲಿ ಮೆಲ್ಲಗೆ ಒಂದೊಂದು ಸ್ವರ ಹುಡುಕ್ತಾರೆ, ಮೂರನೇದಕ್ಕೆ ಪೂರ್ತಿ ಸೇರಿಬಿಡ್ತಾರೆ. ಆ ಕಲಿಯೋದನ್ನ ಎದುರಿಗೇ ನೋಡೋದಿದ್ಯಲ್ಲ, ಸ್ಟೇಜ್ ಮೇಲಿನ ಯಾವ ಕಛೇರೀಲೂ ಸಿಗಲ್ಲ ಅದು. ಎಂಟು ಗಂಟೆಗೆ ಲೈಟ್ ಕೆಳಗೆ ನಿಂತು ನುಡಿಸಿದೋರು ರಾತ್ರಿ ಎರಡಕ್ಕೆ ಒಬ್ಬ ಮೀನುಗಾರನ ಪಕ್ಕ ಕೂತು ಅವನ ಟ್ಯೂನ್ ಕಲೀತಿರ್ತಾರೆ.

ನನ್ನ ಪಕ್ಕ ಕೂತಿದ್ದ ಒಬ್ಬ ಹಿರಿಯರು ನೀನೂ ನುಡಿಸ್ತೀಯೇನಮ್ಮ ಅಂತ ಕೇಳಿದ್ರು. ಬೇರೆ ಥರ ನುಡಿಸ್ತೀನಿ, ನೆಲದ ಮೇಲೆ ಕೂತು, ಅಂದೆ. ತಮ್ಮ ಫಿಡಲ್ಲೇ ಕೊಟ್ಟು ಸರಿ ಕೂತ್ಕೋ ಅಂದ್ರು. ಕಾರ್ಪೆಟ್ ಮೇಲೆ ಕೂತು ಅವರ ಶ್ರುತೀಲೇ ಮೋಹನದಲ್ಲಿ ಒಂದು ಪುಟ್ಟ ಆಲಾಪ ಮಾಡಿದೆ, ಐದೇ ಸ್ವರದ ರಾಗ ಅವರ ಎಷ್ಟೋ ಹಳೇ ಟ್ಯೂನ್‌ಗಳಿಗೆ ಹತ್ತಿರ. ಸ್ವಲ್ಪ ಹೊತ್ತಿಗೆ ಗಿಟಾರ್‌ನವನು ಕೆಳಗೆ ಒಂದೇ ಸ್ವರ ಹಿಡಿದ, ಇನ್ನೊಬ್ಬಳು ಖಾಲಿ ತಂತಿ ಗುಂಯ್ ಅನ್ನಿಸಿದಳು, ತಂಬೂರಿ ಸಿಕ್ಕಿದ ಹಾಗಾಯ್ತು. ನಿಲ್ಲಿಸಿದ್ಮೇಲೆ ಆ ಹಿರಿಯರು ಕೇಳಿದ್ದು ಒಂದೇ, ಇದನ್ನ ಇನ್ನೊಂದು ಸಲ ನಿಧಾನಕ್ಕೆ ನುಡಿಸ್ತೀಯಾ, ಹಿಡ್ಕೊಳ್ತೀವಿ ಅಂತ.

ಎಡಿನ್‌ಬರ್ಗ್, ಗ್ಲಾಸ್ಗೋ, ಅಬರ್ಡೀನ್ ಯೂನಿವರ್ಸಿಟಿಗಳಿಗೆ ಓದೋಕೆ ಬರ್ತಿರೋ ನಮ್ಮ ಮಕ್ಕಳಲ್ಲಿ ಪಿಟೀಲೋ ಕೊಳಲೋ ಕಲಿತೋರು ಎಷ್ಟೋ ಜನ ಇದಾರೆ, ಲಗೇಜ್ ಜಾಸ್ತಿ ಆಗತ್ತೆ ಅಂತ ವಾದ್ಯ ಮನೇಲೇ ಬಿಟ್ಟು ಬರ್ತಾರೆ. ದಯವಿಟ್ಟು ಬಿಡಬೇಡಿ, ಬೇಕಿದ್ರೆ ಎರಡು ಕೆಜಿ ಚಟ್ನಿಪುಡಿ ಕಮ್ಮಿ ಮಾಡಿ. ಹಬ್ಬಕ್ಕೆ ಬರೋದಾದ್ರೆ ಹಡಗಿನ ಟಿಕೆಟ್ ಬೇಗ ಮಾಡಿಸಿಡಿ, ಕ್ಯಾಬಿನ್‌ಗಳು ಬೇಗ ಖಾಲಿಯಾಗತ್ತೆ, ಕ್ಯಾಬಿನ್ ಸಿಗದಿದ್ರೂ ಪರವಾಗಿಲ್ಲ ಬನ್ನಿ, ಆ ರಾತ್ರಿ ಬಾರಿನ ಹತ್ತಿರವೇ ಒಂದು ಕುರ್ಚಿ ಸಿಕ್ಕಿದ್ರೆ ಸಾಕು.