ಮೇಲಿನ ತಾಕಿಗೆ ಮತ್ತೆ ಹಾಲುವಾಣ: ಇಲ್ಲಿಯವರೆಗಿನ ಕೆಲಸ

ಮೂಡಿಗೆರೆ ಕಡೆಯ ನಮ್ಮ ತೋಟದ ಮೇಲಿನ ತಾಕಿನಲ್ಲಿ ಇರುವುದು ಅರೇಬಿಕಾ ಕಾಫಿ. ನೆರಳಿಗೆ ಬಹುಪಾಲು ಸಿಲ್ವರ್ ಓಕ್. ಮೆಣಸಿನ ಬಳ್ಳಿ ಹಬ್ಬಿಸಲು ಆ ಮರ ಒಳ್ಳೆಯದೇ, ಮಾರಿದರೆ ಕಾಸೂ ಸಿಗುತ್ತದೆ. ಆದರೆ ಅದು ನೆಟ್ಟಗೆ ಮೇಲಕ್ಕೆ ಹೋಗುತ್ತದೆ, ಮಾರ್ಚ್-ಏಪ್ರಿಲ್ ಬಿಸಿಲು ನೇರವಾಗಿ ಕಾಫಿ ಗಿಡದ ಬುಡಕ್ಕೆ ಹೊಡೆಯುತ್ತದೆ. ಕಾಫಿ ಗಿಡದ ಕಾಂಡ ಕೊರೆಯುವ ದುಂಬಿ, ಬಿಳಿ ಕಾಂಡಕೊರಕಕ್ಕೆ ಬೇಕಾಗಿರುವುದೂ ಅದೇ. ಬಿಸಿಲು ಬಿದ್ದ ಕಾಂಡ ಹುಡುಕಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಒಳಗೆ ಸುರಂಗ ಕೊರೆದ ಮೇಲೆ ಗಿಡ ಕಿತ್ತು ಸುಡುವುದೇ ಉಳಿಯುವ ದಾರಿ. ಅದಕ್ಕೇ ಕೊಂಬೆಯ ಗೂಟ ನೆಟ್ಟರೆ ಬೇರು ಬಿಡುವ ಹಾಲುವಾಣದ ಮರದಿಂದ ಕೆಳಹಂತದ ನೆರಳನ್ನು ಮತ್ತೆ ಕಟ್ಟುವ ಕೆಲಸಕ್ಕೆ ಕೈಹಾಕಿದ್ದು.

ಮೇ: ಗೂಟಕ್ಕೆ ಹಳ್ಳದ ಬದಿಯ ಹಳೇ ಹಾಲುವಾಣಗಳೇ ಆಧಾರ. ಎಳೆ ಕೊಂಬೆ ಕೊಳೆಯುತ್ತದೆ. ಬಲಿತ, ನೇರವಾದ, ಸುಮಾರು 2 ಮೀಟರ್ ಉದ್ದ, ಕೈಮಣಿಕಟ್ಟಿನಷ್ಟು ದಪ್ಪದವನ್ನೇ ಆರಿಸಿದೆವು. ತುದಿ ಓರೆಯಾಗಿ ಕಡಿದರೆ ಮಳೆನೀರು ನಿಲ್ಲುವುದಿಲ್ಲ. ಕಡಿದವನ್ನು ಮರದ ನೆರಳಲ್ಲಿ ನೆಟ್ಟಗೆ ಒರಗಿಸಿಟ್ಟು ಹಾಲು ಆರಲು ಬಿಟ್ಟೆವು.

ಜೂನ್: ಮಳೆ ಹಿಡಿದ ಮೇಲೆಯೇ ನೆಟ್ಟದ್ದು, ಎರಡು ಕಾಫಿ ಗಿಡಕ್ಕೆ ಒಂದು ಗೂಟ. ಹಾರೆಯಲ್ಲಿ ಗುಂಡಿ ತೆಗೆದು ಗೂಟ ಇಳಿಸಿ, ಬುಡದ ಮಣ್ಣನ್ನು ಗಟ್ಟಿಯಾಗಿ ತುಳಿಯಬೇಕು. ಗಾಳಿಗೆ ಅಲುಗಾಡುವ ಗೂಟ ಬೇರು ಬಿಡುವುದಿಲ್ಲ. "ಚಿಗುರು ನೋಡಿ ಹಿಗ್ಗಬೇಡಿ ಅಣ್ಣ, ಬೇರು ಇಳಿದಿದೆಯೋ ಇಲ್ಲವೋ ಬೇಸಗೇಲಿ ಗೊತ್ತಾಗುತ್ತೆ" ಅಂದರು ತೋಟದ ಕೆಲಸ ನೋಡಿಕೊಳ್ಳುವ ನಮ್ಮ ರೈಟರು. ಅವರ ಮಾತು ನಿಜ: ಕಾಂಡದಲ್ಲಿ ಉಳಿದ ನೀರಿನಿಂದಲೇ ಮೊದಲ ಚಿಗುರು ಬಂದುಬಿಡುತ್ತದೆ.

ಮಳೆಗಾಲ: ಒಂದೆರಡು ಕಡೆ ಎಲೆತೊಟ್ಟು, ಚಿಗುರು ಊದಿಕೊಂಡು ಗಂಟುಗಂಟಾದವು. ಇದು ಗಂಟು ಮಾಡುವ ಸಣ್ಣ ಕಣಜದ ಕೆಲಸ, ಉದ್ದ ಒಂದೂವರೆ ಮಿಲಿಮೀಟರ್ ಅಷ್ಟೆ. 2000ದ ದಶಕದಲ್ಲಿ ಏಷ್ಯಾದ ಹಲವೆಡೆ ಹಬ್ಬಿ, ಕೇರಳದಲ್ಲಿ ಮೆಣಸಿನ ಬಳ್ಳಿಗೆ ಆಸರೆಯಾಗಿದ್ದ ಹಾಲುವಾಣಗಳನ್ನು ಕಾಡಿದ ಪೀಡೆ. ಗಂಟು ಕಟ್ಟಿದ ಚಿಗುರನ್ನು ಕೂಡಲೇ ಕತ್ತರಿಸಿ ಸುಟ್ಟೆವು. ಹೊಸ ಗೂಟ ತರುವಾಗಲೂ ಇಂಥ ಮರದಿಂದ ತರುವುದಿಲ್ಲ.

ಬೇಸಗೆ: ಎಳೆ ಗೂಟದ ತೊಗಟೆ ಬಿಸಿಲಿಗೆ ಸೀಯುತ್ತದೆ. ತೆಳುವಾದ ಸುಣ್ಣದ ನೀರು ಬಳಿದೆವು. ಪಶ್ಚಿಮದ ಬಿಸಿಲು ಹೊಡೆಯುವ ಸಾಲಿಗೆ ಕತ್ತಾಳೆ ಎಲೆ ಸುತ್ತಿ ಕಟ್ಟಿದ್ದೂ ಉಂಟು. ಬೇರು ಹಿಡಿಯದವು ಈಗ ತಾವಾಗಿಯೇ ತಿಳಿಯುತ್ತಿವೆ. ಬರುವ ಜೂನ್‌ನಲ್ಲಿ ಆ ಜಾಗಕ್ಕೆ ಬೇರೆ ಗೂಟ.

ನನಗೆ ಈ ಮರದ ಮೇಲೆ ಇಷ್ಟು ಅಕ್ಕರೆ ಏಕೆಂದರೆ, ಇದರ ನೆರಳನ್ನು ಕಾಲಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಬಹುದು. ಮುಂಗಾರಿಗೆ ಮುಂಚೆ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಮಾಡಿದರೆ ಮಳೆಗಾಲದಲ್ಲಿ ಗಿಡಕ್ಕೆ ಬೆಳಕು ಗಾಳಿ ಆಡುತ್ತದೆ, ಕೊಳೆರೋಗದ ಕಾಟ ತಗ್ಗುತ್ತದೆ. ಬೇಸಗೆ ಹೊತ್ತಿಗೆ ಕೊಂಬೆ ಮತ್ತೆ ತುಂಬಿಕೊಂಡಿರುತ್ತದೆ. ಇಷ್ಟು ಸಲ ಕಡಿದರೂ ಬೇಸರಿಸದೆ ಚಿಗುರುವ ಮರ ನಮ್ಮಲ್ಲಿ ಕಡಿಮೆ. ಕಡಿದ ಸೊಪ್ಪು ಬುಡಕ್ಕೆ ಬಿದ್ದು ಬೇಗ ಕರಗುತ್ತದೆ, ಆಡುಗಳಿಗೂ ಮೇವು. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಅಷ್ಟಕ್ಕೇ ಗೊಬ್ಬರ ಬೇಡ ಅನ್ನಲಾಗದು, ಆದರೆ ಮಣ್ಣಿಗೆ ಸೇರಿದ್ದು ಸೇರಿದ್ದೇ.

ಮುಂದಿನ ಕೆಲಸ: ಪ್ರತಿ ಗೂಟದಲ್ಲೂ ಕಾಫಿಗಿಂತ ಮೇಲೆ ಮೂರು ನಾಲ್ಕು ಕೊಂಬೆ ಉಳಿಸಿ, ಕೆಳಗಿನ ಚಿಗುರೆಲ್ಲ ತೆಗೆಯಬೇಕು. ಹಾಲುವಾಣ ಕೆಳಹಂತಕ್ಕೆ ಮಾತ್ರ. ಮೇಲುಹಂತಕ್ಕೆ ಊರ ಮರಗಳೇ ಬೇಕು. ಅತ್ತಿಗೆ, ಹೊನ್ನೆಗೆ ಜಾಗ ಗುರುತು ಹಾಕಿದ್ದೇವೆ. ನೇರಳೆ ಎಲ್ಲಿಗೆ ಎಂಬುದು ಇನ್ನೂ ಬಗೆಹರಿದಿಲ್ಲ.