ಸೂರಗೊಂಡನಕೊಪ್ಪಕ್ಕೆ ಹೋಗುವವರಿಗೆ

ದಾವಣಗೆರೆ ಜಿಲ್ಲೆ ನ್ಯಾಮತಿ ತಾಲ್ಲೂಕಿನ ಈ ಊರು ಲಂಬಾಣಿಗರ ಯಾತ್ರಾಸ್ಥಳ. ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ. ಜಾತ್ರೆ ನೋಡಬೇಕಾ, ಜನರ ಜೊತೆ ಮಾತಾಡಬೇಕಾ? ಎರಡೂ ಒಟ್ಟಿಗೆ ಆಗುವುದಿಲ್ಲ.

ಫೆಬ್ರವರಿ 15 ಲಂಬಾಣಿಗರ ಗುರು ಸಂತ ಸೇವಾಲಾಲರ ಜಯಂತಿ, ಜಾತ್ರೆ ಆಗಲೇ. 1739ರಲ್ಲಿ ಅವರು ಹುಟ್ಟಿದ್ದು ಇಲ್ಲೇ ಎಂದು ಲಂಬಾಣಿಗರು ನಂಬುತ್ತಾರೆ. ಜಾತ್ರೆಗೆ ಪಕ್ಕದ ರಾಜ್ಯಗಳಿಂದಲೂ ಜನ ಬರುತ್ತಾರೆ, ಮಾಲೆ ಹಾಕಿದವರು ನಡೆದೇ ಬರುತ್ತಾರೆ. ಆಗ ಹೋದರೆ ಸೇವಾಲಾಲ್, ಮರಿಯಮ್ಮ ಗುಡಿಗಳು, ಭೋಗ್‌ನ (ಬೆಂಕಿಗೆ ನೈವೇದ್ಯ ಅರ್ಪಿಸುವ ಪೂಜೆ) ತುಪ್ಪದ ಹೊಗೆ, ನೂಕುನುಗ್ಗಲು ಇಷ್ಟೇ ಸಿಗುತ್ತದೆ. ನನ್ನ ಕೇಳಿದರೆ, ಬೇರೆ ದಿನವೇ ವಾಸಿ.

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದೇ ಬಸ್ಸು ಹತ್ತಿ. (ಅದನ್ನು ಶುರು ಮಾಡಿದವರೂ ಬೆಳಗಾವಿ ಕಡೆಯಿಂದ ಬಂದು ನೆಲೆಸಿದವರಂತೆ!) ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ನ್ಯಾಮತಿ, ಅಲ್ಲಿಂದ ಆಟೊ. ವಾಪಸ್ ಬಸ್ಸು ಎಷ್ಟೊತ್ತಿಗೆ ಅಂತ ಇಳಿದ ಕೂಡಲೇ ಕೇಳಿಕೊಳ್ಳಿ.

ಹೋಗುವ ಮುಂಚೆ ಒಂದಿಷ್ಟು ಇತಿಹಾಸ ತಿಳಿದಿದ್ದರೆ ಒಳ್ಳೆಯದು. ಲಂಬಾಣಿಗರ ಹಿರೀಕರು ರಾಜಸ್ಥಾನದ ಕಡೆಯವರು. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಮೊಘಲ್ ಸೈನ್ಯಕ್ಕೆ ಪೂರೈಸುತ್ತಾ ದಕ್ಷಿಣಕ್ಕೆ ಬಂದರು. ರೈಲು ಬಂದ ಮೇಲೆ ಆ ಹೇರಿನ ವ್ಯಾಪಾರ ಕುಸಿಯಿತು. ಬ್ರಿಟಿಷರ 1871ರ ಕಾಯ್ದೆ ಇಂಥ ಅಲೆಮಾರಿಗಳಿಗೆ ‘ಅಪರಾಧಿ ಬುಡಕಟ್ಟು’ ಅನ್ನುವ ಹಣೆಪಟ್ಟಿ ಬೇರೆ ಹಚ್ಚಿತು. ನೆಲೆ ನಿಂತರೂ ಎಷ್ಟೋ ತಾಂಡಾಗಳು (ಲಂಬಾಣಿಗರ ಹಟ್ಟಿಗಳು) ಕಂದಾಯ ದಾಖಲೆಯಲ್ಲಿ ಊರೇ ಆಗಿರಲಿಲ್ಲ. ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸಮಾರಂಭ ಮಾಡಿ 50 ಸಾವಿರಕ್ಕೂ ಜಾಸ್ತಿ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟಿದ್ದು 2023ರಲ್ಲಿ, ಅಂದರೆ ಮೊನ್ನೆ ಮೊನ್ನೆ!

ನಾವು ಹೋದಾಗ ಹತ್ತಿರದ ತಾಂಡಾದ ಒಂದು ಕಟ್ಟೆಯ ಮೇಲೆ ಅಜ್ಜಿಯೊಬ್ಬರು ಕೂತಿದ್ದರು. ಕೆಂಪು ಫೇಟಿಯಾ (ಲಂಗ), ಕನ್ನಡಿ ಚೂರು ಹೊಲಿದ ಕಾಂಚಳಿ (ರವಿಕೆ), ಮೊಣಕೈ ಮೇಲಿನವರೆಗೂ ಬಿಳಿ ಬಳೆ. ಸೊಸೆಯನ್ನು ತಮ್ಮ ಲಂಬಾಣಿ ಮಾತು ಗೋರ್‌ಬೋಲಿಯಲ್ಲಿ ಗದರಿ, ಅದೇ ಉಸಿರಲ್ಲಿ ನಮಗೆ “ಕೂತ್ಕಳ್ರೀ, ಚಾ ಕುಡೀರಿ” ಅಂದರು. ಸೊಸೆ ನೈಟಿಯಲ್ಲಿದ್ದರು. “ಈ ಬಟ್ಟೆ ನಾಲ್ಕು ಕೆಜಿ ತೂಗ್ತದೆ, ಇವರು ಯಾಕ್ ಹಾಕ್ತಾರೆ” ಅಂತ ಅಜ್ಜಿಯೇ ನಕ್ಕರು. ಮಗ ಎಲ್ಲಿ ಅಂದರೆ, ಕಬ್ಬು ಕಡಿಯಲು ಹೋಗಿದ್ದಾನೆ ಅಂದರು. ಗುಳೆ ಇನ್ನೂ ನಿಂತಿಲ್ಲ, ಅಲ್ವಾ? ಎದುರಿಗಿನ ಸಾಲಿನಲ್ಲಿ ಎರಡು ಮನೆಗೆ ಬೀಗ ಇತ್ತು.

ಅದಕ್ಕೇ ಹೇಳುವುದು, ಹೋಳಿ ಅಥವಾ ದೀಪಾವಳಿ ಸಮಯ ನೋಡಿ ಹೋಗಿ. ದುಡಿಯಲು ಹೋದವರು ಹಬ್ಬಕ್ಕೆ ಊರಿಗೆ ಬಂದಿರುತ್ತಾರೆ. ಕೇಳದೆ ಹೆಂಗಸರ ಫೋಟೊ ತೆಗೆಯಬೇಡಿ. ಸುಮ್ನೆ ಮೊಬೈಲ್ ಎತ್ತಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ರಾತ್ರಿ ಉಳಿಯುವುದಾದರೆ ದಾವಣಗೆರೆಗಿಂತ ಶಿವಮೊಗ್ಗ ಹತ್ತಿರ. 1997ರವರೆಗೆ ಈ ಸೀಮೆ ಆ ಜಿಲ್ಲೆಯಲ್ಲೇ ಇತ್ತು.