ವಿಭೂತಿ ಒರೆಸಿದ ಸಂಜೆ

ನಾಟಕ ಶುರುವಾಗಲು ಇನ್ನೊಂದು ಗಂಟೆ ಇತ್ತು. ನಮ್ಮ ಆಷಾಢಭೂತಿಯ ಹಣೆಗೆ ನಾನೇ ವಿಭೂತಿ ಹಚ್ಚಿದ್ದೆ. ಉತ್ಸವ ಸಮಿತಿಯ ಇಬ್ಬರು ಒಳಗೆ ಬಂದರು. ಗದರಿಸಲಿಲ್ಲ. "ನಾಟಕ ಬೇಡ ಅಂತಿಲ್ಲ. ಆದರೆ ಕಾವಿ, ವಿಭೂತಿ ಬೇಡ. ಎಲೆಕ್ಷನ್ ಬೇರೆ ಹತ್ತಿರ ಇದೆ, ಸುಮ್ನೆ ಯಾಕೆ" ಅಂದರು.

ಒದ್ದೆ ಟವೆಲ್ ತಂದು ಒರೆಸಿದ್ದೂ ನಾನೇ. ಹಣೆಯ ಮೇಲೆ ಬೂದು ಬಣ್ಣದ ಕಲೆ ಉಳಿಯಿತು. ಮತ್ತೆ ಉಜ್ಜಿದೆ. ಹುಡುಗ ಕಣ್ಣು ಮುಚ್ಚಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ. ಹನ್ನೆರಡು ವರ್ಷವಾದರೂ ಆ ನೋಟ ಮರೆಯಲು ಆಗಿಲ್ಲ.

ಅದು ಫ್ರೆಂಚ್ ನಾಟಕಕಾರ ಮೋಲಿಯೇರನ ‘ತಾರ್ತ್ಯೂಫ್’. ಕನ್ನಡಕ್ಕೆ ತಂದ ಎ.ಎನ್. ಮೂರ್ತಿರಾಯರು ಇಟ್ಟ ಹೆಸರು ‘ಆಷಾಢಭೂತಿ’. ಪಂಚತಂತ್ರದಲ್ಲಿ ಶಿಷ್ಯನಾಗಿ ಸೇರಿಕೊಂಡು ಸನ್ಯಾಸಿಯ ದುಡ್ಡು ಕದಿಯುವವನ ಹೆಸರು ಅದು. ನಾಟಕದಲ್ಲೂ ಅಷ್ಟೇ. ಭಕ್ತನ ಸೋಗು ಹಾಕಿ ಮನೆ ಹೊಕ್ಕವನು ಯಜಮಾನನ ಆಸ್ತಿ ಬರೆಸಿಕೊಳ್ಳುತ್ತಾನೆ, ಅವನ ಹೆಂಡತಿಯ ಮೇಲೂ ಕಣ್ಣು ಹಾಕುತ್ತಾನೆ.

ಮೋಲಿಯೇರನಿಗೂ ಇದೇ ಆಗಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು. 1664ರ ಮೇ 12ರಂದು ವರ್ಸೇಲ್ಸ್‌ನಲ್ಲಿ ಫ್ರಾನ್ಸಿನ ರಾಜ 14ನೇ ಲೂಯಿಯ ಮುಂದೆ ನಾಟಕ ಆಡಿದರು. ರಾಜನಿಗೆ ಹಿಡಿಸಿತು. ಆದರೂ ಜನರ ಮುಂದೆ ಆಡಬಾರದು ಅಂದ. ಅವನ ತಾಯಿ ಮಹಾ ದೈವಭಕ್ತೆ. ಆಸ್ಥಾನದ ದೊಡ್ಡವರನ್ನು ಒಳಗಿಟ್ಟುಕೊಂಡ ಒಂದು ಗುಪ್ತ ಧಾರ್ಮಿಕ ಕೂಟ, ಪ್ರದರ್ಶನಕ್ಕೆ ಮೊದಲೇ ಸಭೆ ಸೇರಿ ನಾಟಕ ನಿಲ್ಲಿಸುವ ಮಾತಾಡಿತ್ತು. ಮೋಲಿಯೇರನನ್ನು ಸುಡಬೇಕು ಅಂತ ಪ್ಯಾರಿಸ್ಸಿನ ಒಬ್ಬ ಪಾದ್ರಿ ಬರೆದ.

1667ರಲ್ಲಿ ಮೋಲಿಯೇರ್ ಪಾತ್ರದ ಹೆಸರು ಬದಲಿಸಿದ. ಉಡುಪನ್ನೂ ಬದಲಿಸಿದ! ಭಕ್ತನ ವೇಷ ತೆಗೆದು ಚಿಕ್ಕ ಟೋಪಿ, ಲೇಸ್ ಹಚ್ಚಿದ ಬಟ್ಟೆ, ಸೊಂಟಕ್ಕೆ ಕತ್ತಿ. ಇದನ್ನು ಓದಿದಾಗ ನನಗೆ ಆ ಟವೆಲ್ ನೆನಪಾಯಿತು. ಅಷ್ಟು ತಗ್ಗಿ ಆಡಿದರೂ ಮಾರನೇ ದಿನವೇ ನಿಷೇಧ ಬಂತು. ರಾಜ ಯುದ್ಧಕ್ಕೆ ಹೋಗಿದ್ದ. ನಿಷೇಧಿಸಿದ ನ್ಯಾಯಾಧೀಶ ಅದೇ ಕೂಟದವನು. ನಾಟಕ ನೋಡಿದರೂ, ಓದಿದರೂ, ಓದುವುದನ್ನು ಕೇಳಿದರೂ ಬಹಿಷ್ಕಾರ ಅಂತ ಆರ್ಚ್‌ಬಿಷಪ್ ಆಜ್ಞೆ ಹೊರಡಿಸಿದ.

ಮೋಲಿಯೇರ್ ಮುನ್ನುಡಿಯಲ್ಲಿ ಹೇಳುವ ಒಂದು ಪ್ರಸಂಗ ನನಗೆ ಬಹಳ ಮುಖ್ಯ. ಆಸ್ಥಾನದಲ್ಲಿ ‘ಸ್ಕಾರಮೂಶ್’ ಅನ್ನೋ ಇನ್ನೊಂದು ನಾಟಕ ಆಡಿದ್ದರು. ಮೋಲಿಯೇರನ ನಾಟಕಕ್ಕೆ ಗಲಾಟೆ ಮಾಡಿದವರು ಇದಕ್ಕೆ ಯಾಕೆ ಸುಮ್ಮನಿದ್ದಾರೆ ಅಂತ ರಾಜ ಕೇಳಿದ. ಅದು ದೇವರನ್ನು, ಧರ್ಮವನ್ನು ಆಡಿಕೊಳ್ಳುತ್ತದೆ, ಇವರಿಗೆ ಅದರ ಚಿಂತೆ ಇಲ್ಲ. ಮೋಲಿಯೇರನ ನಾಟಕ ಇವರನ್ನೇ ಆಡಿಕೊಳ್ಳುತ್ತದೆ, ಅದನ್ನು ಸಹಿಸಲ್ಲ ಅಂದನಂತೆ ಒಬ್ಬ ರಾಜಕುಮಾರ.

ನಮ್ಮ ಊರಲ್ಲೂ ನೋವು ದೇವರಿಗಾಗಿರಲಿಲ್ಲ, ಭಕ್ತರಿಗೂ ಆಗಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂರಬೇಕಿದ್ದ ಕೆಲವರಿಗೆ ಕನ್ನಡಿ ಬೇಡವಾಗಿತ್ತು, ಅಷ್ಟೇ. ಪ್ಯಾಂಟು ಶರ್ಟಿನಲ್ಲಿ ಅವತ್ತು ನಾಟಕ ಆಯಿತು. ಜನ ನಕ್ಕರು. ಯಾರನ್ನು ನೋಡಿ ನಗುತ್ತಿದ್ದೇವೆ ಅಂತ ಮಾತ್ರ ಅವರಿಗೆ ತಿಳಿಯಲಿಲ್ಲ.

ಪ್ಯಾರಿಸ್ಸಿನಲ್ಲಿ 1669ರ ಫೆಬ್ರವರಿ 5ರಂದು ನಿಷೇಧ ತೆರವಾಯಿತು. ಅಷ್ಟರಲ್ಲಿ ರಾಜಮಾತೆ ತೀರಿಕೊಂಡಿದ್ದಳು, ಚರ್ಚಿನ ಒಳಜಗಳ ತಣ್ಣಗಾಗಿತ್ತು, ರಾಜನ ಕೈ ಬಲವಾಗಿತ್ತು. ತಾರ್ತ್ಯೂಫ್ ತನ್ನ ಹೆಸರಲ್ಲೇ ರಂಗಕ್ಕೆ ಬಂದ.

ಆ ಹುಡುಗ ಈಗ ಹೈಸ್ಕೂಲ್ ಮೇಷ್ಟ್ರು. ಮಕ್ಕಳಿಂದ ಇದೇ ನಾಟಕ ಆಡಿಸ್ತೀನಿ ಸಾರ್ ಅಂತ ಮೊನ್ನೆ ಫೋನ್ ಮಾಡಿದ್ದ. ವಿಭೂತಿ ಹಚ್ಚೋಕೆ ನಾನೇ ಬರ್ತೀನಿ ಅಂದಿದ್ದೇನೆ.